ಒತ್ತೆ ಕುಳಿತ ಸ್ಟೆಲ್ಲಾ

“ಇಲ್ಲಿಂದ ಏಳಬ್ಯಾಡ ನೋಡು. ನಾ ಬರೂತನಕ ಇಲ್ಲೇ ಕುಂದ್ರು.”

ಬಾಬಾ ಸ್ಟೆಲ್ಲಾಳ ಭುಜ ಹಿಡಿದು ಸ್ಟೀಲ್ ಕುರ್ಚಿಯ ಮೇಲೆ ಕೂರಿಸಿದ. ಆಮೇಲೆ ಬಿಲ್ ಕೌಂಟರಿನ ಗಾಜಿನ ಕಿಂಡಿಗೆ ಬಾಗಿ, “ಸಾಹೇಬ್ರ, ಈಕಿ ನನ್ನ ಮಗಳ್ರಿ. ಇಲ್ಲೇ ಇರ್ತಾಳ್ರಿ. ನಾ ರೊಕ್ಕ ತಗೊಂಡು ಬರ್ತೇನ್ರಿ,” ಎಂದ.

ಒಳಗಿದ್ದ ಬಿಲ್ ಗುಮಾಸ್ತ ಲೋಕೇಶ ಫೋನಿನಲ್ಲಿದ್ದ. ಅವನು ತಲೆಯಾಡಿಸಿದ್ದು ಫೋನಿಗೋ ಬಾಬಾನಿಗೋ ದೇವರಿಗೇ ಗೊತ್ತು. ಬಾಬಾ ಮಾತ್ರ ದೊಡ್ಡ ಭಾರ ಇಳಿದವನಂತೆ ಉಸಿರು ಬಿಟ್ಟು ಸರಸರ ಹೊರಗೆ ಹೋಗಿಬಿಟ್ಟ.

ದಾಂಡೇಲಿಯ ಆ ಆಸ್ಪತ್ರೆಯಲ್ಲಿ ಸ್ಟೆಲ್ಲಾಳ ಆಯಿಗೆ, ಅಂದರೆ ಅಮ್ಮನಿಗೆ, ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಬೆಳಿಗ್ಗೆ ಡಾಕ್ಟರ್ ಬಂದು, “ಅಗ್ನೆಸ್, ಇವತ್ತ ಮನೀಗೆ ಹೋಗಬಹುದು,” ಎಂದಿದ್ದರು. ಆಯಿ ಮೇಲಿನ ವಾರ್ಡಿನಲ್ಲಿ ಗಂಟು ಕಟ್ಟಿಕೊಂಡು ಕೂತಿದ್ದಳು. ಕೆಳಗೆ ಬಿಲ್ ಎಷ್ಟೆಂದು ತಿಳಿದದ್ದೇ ತಡ, ಬಾಬಾನ ಮುಖ ಇಳಿದುಹೋಯಿತು. ಅವನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಸ್ಟೆಲ್ಲಾಳ ಬಾಬಾ ಕಾಯತಾನ ಅಂದರೆ ಹಾಗೆಯೇ. ಕಾಡಿನಲ್ಲಿ ಕರಡಿ ಎದುರಾದರೂ ಹೆದರದ ಮನುಷ್ಯನಿಗೆ ಗಾಜಿನ ಹಿಂದೆ ಕೂತವರನ್ನು ಕಂಡರೆ ಮಾತೇ ಹೊರಡುವುದಿಲ್ಲ.

ಆದರೆ ಏಳಬೇಡ ಅಂತ ಯಾಕೆ ಹೇಳಿದ? ಕೂತು ಕೂತು ಯೋಚಿಸಿದ ಮೇಲೆ ಸ್ಟೆಲ್ಲಾಗೆ ಹೊಳೆಯಿತು.

ಹಳಿಯಾಳದ ಆಚೆ, ಕಾಡಿನ ಅಂಚಿನಲ್ಲಿರುವ ಅವರ ಊರು ಹಿಂದೆಂದೋ ಆಫ್ರಿಕಾದಿಂದ ಬಂದ ಸಿದ್ದಿ ಜನರದು. ಅಲ್ಲಿ ಒಂದು ಪದ್ಧತಿಯಿದೆ. ಮದುವೆ ಅಡುಗೆಗೆಂದು ಯಾರದಾದರೂ ಮನೆಯಿಂದ ದೊಡ್ಡ ಹಂಡೆ ತಂದರೆ, ತಮ್ಮದೊಂದು ಸಾಮಾನು ಆ ಮನೆಯಲ್ಲಿ ಬಿಟ್ಟು ಬರಬೇಕು. ಕಂಬಳಿಯೋ, ಕುಡುಗೋಲೋ, ಏನೋ ಒಂದು. ಹಂಡೆ ತಿರುಗಿ ಕೊಡುವವರೆಗೆ ಅದು ಅಲ್ಲಿ ಒತ್ತೆ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳುವ ಮೊದಲೇ ಇಟ್ಟು ಬರುವುದು ಮರ್ಯಾದೆ.

ಬಾಬಾನ ಕೈಯಲ್ಲಿ ಇವತ್ತು ಕಂಬಳಿ ಇರಲಿಲ್ಲ, ಕುಡುಗೋಲೂ ಇರಲಿಲ್ಲ. ಸ್ಟೆಲ್ಲಾ ಇದ್ದಳು.

ತಾನು ಎದ್ದರೆ ಬಾಬಾನ ಮಾತು ಸುಳ್ಳಾಗುತ್ತದೆ. ಆಮೇಲೆ ಆಯಿಯನ್ನು ಇವರು ಮನೆಗೆ ಬಿಡುವುದೇ ಇಲ್ಲ. ಸ್ಟೆಲ್ಲಾ ಕುರ್ಚಿಯ ಅಂಚನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕೂತಳು.

ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಅವಳ ಗುಂಗುರು ಕೂದಲನ್ನೇ ನೋಡುತ್ತಿದ್ದಳು. “ನೀವು ಯಾವ ದೇಶದವರವಾ?”

“ಹಳಿಯಾಳ ತಾಲೂಕ್ರಿ.”

“ಹೌದಾ!” ಎಂದು ಆ ಹೆಂಗಸು ಮತ್ತೊಮ್ಮೆ ನೋಡಿದಳು. ಅಷ್ಟರಲ್ಲಿ ಅವಳ ಟೋಕನ್ ಕರೆದರು, ಎದ್ದು ಹೋದಳು. ಆಮೇಲೆ ಬಂದವರೂ ಹೋದರು. ಎಲ್ಲರನ್ನೂ ಯಾರೋ ಕರೆಯುತ್ತಿದ್ದರು. ಸ್ಟೆಲ್ಲಾಳನ್ನು ಮಾತ್ರ ಯಾರೂ ಕರೆಯಲಿಲ್ಲ.

ಬಾಯಿ ಒಣಗಿತು. ನೀರಿನ ಫಿಲ್ಟರ್ ಎದುರಿಗೇ ಇತ್ತು, ಏಳುವಂತಿರಲಿಲ್ಲ. ಮೆಟ್ಟಿಲು ಹತ್ತಿದರೆ ಆಯಿ ಸಿಗುತ್ತಿದ್ದಳು, ಹತ್ತುವಂತಿರಲಿಲ್ಲ. ಇಷ್ಟೊಂದು ಜನರ ನಡುವೆ ಇಷ್ಟು ಒಂಟಿಯಾಗಿ ಅವಳು ಎಂದೂ ಕೂತಿರಲಿಲ್ಲ.

ಮಧ್ಯಾಹ್ನ ಲೋಕೇಶ ಟಿಫಿನ್ ಬ್ಯಾಗ್ ಹೆಗಲಿಗೇರಿಸಿ ಹೊರಟುಹೋದ. ಅವನ ಡ್ಯೂಟಿ ಮುಗಿದಿತ್ತು. ಕನ್ನಡಕ ಹಾಕಿದ ಒಬ್ಬ ಮೇಡಂ ಬಂದು ಅವನ ಜಾಗದಲ್ಲಿ ಕೂತರು.

ಸ್ಟೆಲ್ಲಾಗೆ ಗಾಬರಿಯಾಯಿತು. ತಾನು ಒತ್ತೆ ಅನ್ನುವುದು ಇವರಿಗೆ ಹೇಗೆ ಗೊತ್ತಾಗಬೇಕು? ಧೈರ್ಯ ಮಾಡಿ ಎದ್ದು, ಕಿಂಡಿಯ ಹತ್ತಿರ ಹೋದಳು.

“ಮೇಡಂ, ನಾ ಒತ್ತಿ ಇದ್ದೇನ್ರಿ.”

“ಏನಿದ್ದಿ?”

“ಒತ್ತಿ ರೀ. ನಮ್ಮ ಬಾಬಾ ಇಟ್ಟು ಹೋಗ್ಯಾನ್ರಿ. ಆ ಸರ್‌ಗೆ ಗೊತ್ತಿತ್ರಿ. ನಿಮಗ ಗೊತ್ತಿಲ್ಲಲ್ಲ, ಅದಕ್ಕ ಹೇಳಾಕ ಬಂದೆ. ಮತ್ತ ಹೋಗಿ ಅಲ್ಲೇ ಕುಂದರ್ತೇನ್ರಿ.”

ಮೇಡಂಗೆ ಮೊದಲು ನಗು ಬಂತು. ಸ್ಟೆಲ್ಲಾಳ ಮುಖ ಸರಿಯಾಗಿ ನೋಡಿದ ಮೇಲೆ ನಗು ನಿಂತುಹೋಯಿತು. ಅವರು ಒಂದು ಲೋಟ ನೀರು ಹಿಡಿದು ಹೊರಗೆ ಬಂದು, ಅವಳ ಪಕ್ಕದ ಕುರ್ಚಿಯಲ್ಲಿ ಕೂತರು. ಅವಳ ಆಯಿ ಯಾರು, ಏನಾಗಿತ್ತು ಎಂದೆಲ್ಲ ಕೇಳಿ ತಿಳಿದುಕೊಂಡರು.

“ನೋಡವಾ, ಇಲ್ಲಿ ಯಾರನ್ನೂ ಒತ್ತಿ ಇಟ್ಕೊಳ್ಳೂಹಂಗಿಲ್ಲ. ನಿನ್ನನ್ನೂ ಇಲ್ಲ, ನಿಮ್ಮ ಅವ್ವನ್ನೂ ಇಲ್ಲ. ಬಿಲ್ ಬಾಕಿ ಐತಿ ಅಂತ ಪೇಷಂಟ್‌ನ ತಡದು ಕುಂದ್ರಸೂದು ತಪ್ಪು. ಯಾವುದಕ್ಕ ಎಷ್ಟು ಹಾಕೀರಿ ಅಂತ ನೀವು ಕೇಳಬಹುದು. ಕೇಳಿದ್ರ ನಾವು ಹೇಳಬೇಕು. ಉಳದದ್ದು ಆಮ್ಯಾಲ ಕಟ್ತೇನಿ ಅಂತ ನಿಮ್ಮ ಬಾಬಾ ಬಂದು ಹೇಳ್ಲಿ, ಸಾಕು.”

“ಮತ್ತ ಆ ಸರ್ ಯಾಕ ಇದನ್ನ ಹೇಳ್ಲಿಲ್ರಿ?”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಹೇಳಬೇಕಾಗಿತ್ತು. ನಿಮ್ಮ ಬಾಬಾನೂ ಕೇಳಲಿಲ್ಲೇನು?”

“ನಮ್ಮ ಬಾಬಾ ಕೇಳೂದಿಲ್ರಿ,” ಎಂದಳು ಸ್ಟೆಲ್ಲಾ. ಹೇಳುವಾಗ ಅವಳಿಗೆ ಸಿಟ್ಟೇ ಬಂತು. ಅಂದರೆ ಇಷ್ಟು ಹೊತ್ತು ತಾನು ಕೂತದ್ದು ಸುಮ್ಮಸುಮ್ಮನೆ! ಬಾಬಾ ಬರಲಿ, ಮೊದಲು ಅದನ್ನೇ ಕೇಳಬೇಕು. ನನ್ನನ್ನ ಯಾಕ ಬಿಟ್ಟು ಹೋದಿ ಅಂತ ಮುಖಕ್ಕೆ ಮುಖ ಕೊಟ್ಟು ಕೇಳಬೇಕು.

ಬಸ್ ಬರುವ ದಾರಿ ನೋಡೋಣವೆಂದು ಅವಳು ಗೇಟಿನವರೆಗೆ ಓಡಿದಳು. ದಾರಿ ನೋಡುವ ಅಗತ್ಯವೇ ಬೀಳಲಿಲ್ಲ. ಆಸ್ಪತ್ರೆಯ ಕಾಂಪೌಂಡಿಗೆ ಒರಗಿ, ಮೊಣಕಾಲ ಮೇಲೆ ತಲೆಯಿಟ್ಟು, ಬಾಬಾ ನೆಲದ ಮೇಲೆ ಕೂತಿದ್ದ.

“ನಿಮ್ಮಪ್ಪನೇನು?” ಎಂದ ಗೇಟಿನ ಬಳಿ ನಿಂತಿದ್ದ ಆಟೋದವನು. “ಆಗಿಂದ ಇಲ್ಲೇ ಅದಾನ. ಒಳಗ ಹೋಗು ಅಂದ್ರ ಹೋಗವಲ್ಲ.”

ಬಾಬಾ ತಲೆಯೆತ್ತಿದ. ಅವನ ಕಣ್ಣುಗಳು ಕೆಂಪಾಗಿದ್ದವು. “ಕೂಲಿ ಕೊಡೂ ಮುಕಾದಮ ಊರಾಗಿಲ್ಲ, ಸ್ಟೆಲ್ಲಾ. ಯಾರೂ ರೊಕ್ಕ ಕೊಡಲಿಲ್ಲ. ಬರೇ ಕೈಲೆ ಒಳಗ ಹೆಂಗ ಬರ್ಲಿ? ನಿನ್ನ ಮುಖ ಹೆಂಗ ನೋಡ್ಲಿ?”

ಸ್ಟೆಲ್ಲಾ ಗೋಡೆಯತ್ತ ನೋಡಿದಳು. ಅದರ ಆಚೆಗೇ ಅವಳ ಕುರ್ಚಿ. ಮೇಲಿನ ಕಿಟಕಿಯ ಹಿಂದೆ ಎಲ್ಲೋ ಆಯಿ. ಇಷ್ಟು ಹೊತ್ತು ಮೂರೂ ಜನ ಒಬ್ಬೊಬ್ಬರೇ ಕಾಯುತ್ತ ಕೂತಿದ್ದರು.

ಕೇಳಬೇಕೆಂದಿದ್ದ ಮಾತನ್ನು ಅವಳು ಕೇಳಲಿಲ್ಲ. ಬಾಬಾನ ಅಂಗಿಗೆ ಹತ್ತಿದ್ದ ಮಣ್ಣನ್ನು ಕೈಯಿಂದ ಕೊಡವಿದಳು.

“ಏಳು ಬಾಬಾ. ಒಳಗ ಹೋಗೂಣು. ನೀ ಬಾಜೂಕ ನಿಂದ್ರು ಸಾಕು. ನಾ ಕೇಳ್ತೇನಿ.”