ಆರದ ಭೂಮಿ

"ಕೆಳಗಿಂದ ಗಟ್ಟಿಯಾಗಿ ಹಿಡ್ಕೋ. ಬೀಳಿಸಿದ್ರೆ ನಿನ್ನ ಕತೆ ಮುಗೀತು."

ತಮ್ಮ ತನ್ನ ಎರಡೂ ಅಂಗೈ ಚಾಚಿ ಮೇಣದ ಅಚ್ಚನ್ನು ಹಿಡಿದ. ಅಕ್ಕ ಹೋದಲ್ಲೆಲ್ಲ ಹಿಂದೆಯೇ ಬರುವ ಅವನಿಗೆ ಮನೆಯಲ್ಲಿ ಬಾಲ ಎಂದೇ ಹೆಸರು. ಅವಳಿಗೆ ಚೂಟಿ ಎಂದು. ಕೈಯೂ ಚುರುಕು, ಬಾಯಿಯೂ ಚುರುಕು. ಕಾಯುವುದೊಂದೇ ಅವಳಿಗೆ ಆಗದ ಕೆಲಸ.

ಸ್ಕೂಲ್ ವ್ಯಾನ್ ಬರಲು ಹತ್ತೇ ನಿಮಿಷ. ಮೊದಲ ಪೀರಿಯಡ್‌ನಲ್ಲೇ ಮಂಗಳ ಗ್ರಹ, ಭೂಮಿ ಎರಡರ ಮಾಡೆಲ್ ತೋರಿಸಬೇಕು. ಹೋದ ಸಲ ಬರಿಗೈಯಲ್ಲಿ ಹೋಗಿ ಇಡೀ ಕ್ಲಾಸಿನೆದುರು ತಲೆ ತಗ್ಗಿಸಿ ನಿಂತಿದ್ದಳು. ಮತ್ತೆ ಹಾಗಾದರೆ ಸತ್ತೇಹೋಗುತ್ತೇನೆ ಅನಿಸುತ್ತಿತ್ತು.

ಅಮ್ಮ ಮೇಣದಬತ್ತಿ ಮಾಡುವವಳು. ಬೆಳಿಗ್ಗೆ ಆರಕ್ಕೇ ಎರಡು ಅಚ್ಚುಗಳಿಗೆ ಬಿಸಿ ಮೇಣ ಹೊಯ್ದು ಕೊಟ್ಟಿದ್ದಳು. ನಿಂಬೆಹಣ್ಣಿನಷ್ಟು ಮಂಗಳ, ತೆಂಗಿನಕಾಯಿಯಷ್ಟು ಭೂಮಿ.

"ಹೇಳಿದ್ದೇ ತಡವಾಗಿ. ಇವತ್ತು ಚಿಕ್ಕದನ್ನ ಮಾತ್ರ ತಗೊಂಡು ಹೋಗು. ದೊಡ್ಡದನ್ನ ಸಂಜೆವರೆಗೂ ಬಿಚ್ಚಬೇಡ," ಎಂದಿದ್ದಳು.

ಭೂಮಿಯೇ ಇಲ್ಲದ ಮಾಡೆಲ್ ಯಾರಿಗೆ ಬೇಕು? ಮಂಗಳ ಆಗಲೇ ಅಚ್ಚು ಬಿಟ್ಟು ಬಂದಿತ್ತು, ಕಲ್ಲಿನ ಹಾಗೆ ಗಟ್ಟಿ. ಒಂದೇ ಪಾತ್ರೆಯ ಮೇಣ, ಒಂದೇ ಹೊತ್ತಿಗೆ ಹೊಯ್ದದ್ದು. ದೊಡ್ಡದೂ ಆರಿರಲೇಬೇಕು. ಮುಟ್ಟಿ ನೋಡಿದಳು. ಸ್ವಲ್ಪ ಬೆಚ್ಚಗಿತ್ತು, ಅಷ್ಟೇ.

"ಸುಡುತ್ತಾ ಅಕ್ಕಾ?"

"ಇಲ್ಲ ಕಣೋ, ಆರಿದೆ."

ಅಚ್ಚಿನ ಎರಡು ಹೋಳುಗಳನ್ನು ಬಿಗಿದಿದ್ದ ದಾರ ಬಿಚ್ಚುತ್ತಲೇ ಅವಳು ಭಾಷಣ ಉರು ಹೊಡೆದಳು. "ಮಂಗಳ ಚಿಕ್ಕದು, ಬೇಗ ಆರಿತು. ಅದರ ಜ್ವಾಲಾಮುಖಿಗಳು ಸುಮ್ಮನಾದವು. ಭೂಮಿ ದೊಡ್ಡದು, ನಿಧಾನವಾಗಿ ಆರುತ್ತದೆ. ಒಳಗಿನ ಶಾಖಕ್ಕೆ ನೆಲ ಸರಿಯುತ್ತದೆ, ಬೆಟ್ಟಗಳು ಏಳುತ್ತವೆ..."

ಅಚ್ಚು ಬಾಯಿ ಬಿಟ್ಟಿತು. ಉಂಡೆಯ ಮೇಲೆ ಗೆರೆಯೊಂದು ಮೂಡಿತು. ನೋಡನೋಡುತ್ತ ಅದು ಬಿರಿದು, ಒಳಗಿನ ಬಿಸಿ ಮೇಣ ಬಾಲನ ಕೈಯತ್ತ ನುಗ್ಗಿತು.

ಅಮ್ಮ ಪಕ್ಕದ ಕೋಣೆಯಿಂದ ಯಾವಾಗ ಓಡಿಬಂದಳೋ, ಅವನನ್ನು ಅತ್ತ ತಳ್ಳಿದಳು. ಮೇಣ ಅವಳ ಮಣಿಕಟ್ಟಿನ ಮೇಲೆ ಬಿತ್ತು.

ಅಮ್ಮ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಳು. ಚರ್ಮ ಕೆಂಪಗಾಗಿತ್ತು. ಚೂಟಿ ಅವಳ ಪಕ್ಕಕ್ಕೆ ಬಂದು ನಿಂತಳು.

"ಬೈಯಮ್ಮಾ," ಎಂದಳು ಮೆಲ್ಲಗೆ.

"ಆಮೇಲೆ ಬೈತೀನಿ. ಮೊದಲು ಅವನ ಕೈ ನೋಡು."

ಚೂಟಿ ತಮ್ಮನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಏನೂ ಆಗಿರಲಿಲ್ಲ. ನೆಲದ ಮೇಲೆ ಅವಳ ಭೂಮಿ ಒಡೆದು ಬಿದ್ದಿತ್ತು. ಗಟ್ಟಿಯಾಗಿದ್ದದ್ದು ಒಂದು ಬೆರಳು ದಪ್ಪದ ಸಿಪ್ಪೆ ಮಾತ್ರ.

ಹೊರಗೆ ವ್ಯಾನ್ ಹಾರ್ನ್ ಹೊಡೆಯಿತು. ಅವಳು ತಿರುಗಿ ನೋಡಲಿಲ್ಲ.

"ಆರಿದೆ ಅಂದ್ಯಲ್ಲ ಅಕ್ಕಾ?"

"ಹೊರಗಡೆ ಮಾತ್ರ ಮುಟ್ಟಿ ನೋಡಿದ್ದೆ ಕಣೋ," ಎಂದಳು ಚೂಟಿ, ಅವನ ಕೈ ಬಿಡದೆ.