ವಾರ್ನಿಷ್ ಒಣಗುವ ಹೊತ್ತು

"ಏನಮ್ಮಾ, ವಾರ್ನಿಷ್ ಒಣಗಿಸ್ತಾ ಇದೀಯಾ?"

ಕುರ್ಚಿ ಅಂಗಡಿಗೆ ಕುಶನ್ ಹೊಲಿಯಲು ಸೇರಿದ ಮೊದಲ ದಿನವೇ ಅವಳ ಕಿವಿಗೆ ಬಿದ್ದ ಮಾತು ಇದು. ಸೂಜಿ ಕೈಯಲ್ಲಿತ್ತು, ಕಣ್ಣು ಎಲ್ಲೋ ಇತ್ತು. ಈ ಕುರ್ಚಿಯಲ್ಲಿ ನಾಳೆ ಯಾರು ಕೂರ್ತಾರೋ, ಏನು ಮಾತಾಡ್ತಾರೋ ಅಂತ ಯೋಚಿಸುತ್ತಾ ಮೈಮರೆತಿದ್ದಳು.

ಕೇಳಿದ್ದು ಅಂಗಡಿಯ ಮಾಲಕಿ. ಎಲ್ಲರೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಬಡಗಿಗಳು ಗೊಳ್ಳೆಂದು ನಕ್ಕರು. ಕಿಟಕಿಯ ಬಳಿ ಪಾಲಿಶ್ ಮಾಡುತ್ತಿದ್ದ ಅತ್ತೆಯ ಅಣ್ಣನ ಮಗ ಮಾತ್ರ ತಟ್ಟನೆ ಬೆನ್ನು ತಿರುಗಿಸಿದ.

'ನಗ್ತಿದಾನೆ! ಅದೂ ಕದ್ದು!'

ಲೋಕವೆಲ್ಲ ಹಗಲುಗನಸು ಅನ್ನುವುದಕ್ಕೆ ಈ ಅಂಗಡಿಯವರು ಇಟ್ಟ ಹೆಸರು ಅದು ಎಂದು ಬೇಗ ಗೊತ್ತಾಯಿತು. ಹಗಲುಗನಸಿನಲ್ಲಂತೂ ನಮ್ಮ ಹುಡುಗಿ ಎತ್ತಿದ ಕೈ. ಹಾಗಾಗಿ ದಿನಕ್ಕೊಮ್ಮೆಯಾದರೂ ಆ ಮಾತು ಬೀಳಲೇಬೇಕು, ಬಿದ್ದಾಗಲೆಲ್ಲ ಅವನು ಬೆನ್ನು ತಿರುಗಿಸಲೇಬೇಕು!

ಬೇರೆಯವರು ನಕ್ಕರೆ ಅವಳೂ ನಗುತ್ತಿದ್ದಳು. ಅವನ ನಗು ಮಾತ್ರ ನೋಯಿಸುತ್ತಿತ್ತು. ಯಾಕೆಂದರೆ... ಅವಳ ಕನಸಿನ ಕುರ್ಚಿಗಳಲ್ಲಿ ಈಗೀಗ ಅವನೇ ಬಂದು ಕೂರುತ್ತಿದ್ದ.

ಅಷ್ಟರಲ್ಲಿ, ಅವಳು ಮೊದಲು ಕೆಲಸ ಮಾಡುತ್ತಿದ್ದ ಎದುರಿನ ಪರದೆ ಅಂಗಡಿಯವರು ವಾಪಸ್ ಕರೆದರು. ಸುದ್ದಿ ಎಲ್ಲರ ಕಿವಿಗೂ ಬಿತ್ತು. ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

"ಹೋಗ್ತೀನಿ ಅತ್ತೆ. ನಿಮ್ಮಣ್ಣನ ಮಗನಿಗೆ ನಾನಂದ್ರೆ ತಮಾಷೆ..." ಅವಳು ಸೂಜಿಯನ್ನು ಕುಶನ್‌ಗೆ ಚುಚ್ಚಿಟ್ಟಳು. "ಆ ವಾರ್ನಿಷ್ ಮಾತು ಹುಟ್ಟಿಸಿದ್ದೂ ಅವರೇ ತಾನೆ?"

"ಅವನೇ! ಆದ್ರೆ ಹುಟ್ಟಿದ್ದು ನಿನ್ನಿಂದ ಕಣೇ!" ಅತ್ತೆ ಹಣೆ ಚಚ್ಚಿಕೊಂಡರು. "ನೀನು ಎದುರಂಗಡಿ ಕಿಟಕೀಲಿ ಕೂತು ಪರದೆ ಹೊಲೀತಿದ್ದೆಯಲ್ಲ, ಆಗ ಈ ಮಹಾರಾಯ ಬ್ರಷ್ ಹಿಡ್ಕೊಂಡು ನಿನ್ನೇ ನೋಡ್ತಾ ನಿಂತಿರೋನು. ಏನ್ ಮಾಡ್ತಿದೀಯೋ ಅಂದ್ರೆ, ವಾರ್ನಿಷ್ ಒಣಗಿಸ್ತಿದೀನಿ ಅಂದ. ನೋಡಿದ್ರೆ ಡಬ್ಬಿ ಮುಚ್ಚಳಾನೇ ತೆಗೆದಿಲ್ಲ! ಅವತ್ತಿಂದ ನಾವೆಲ್ಲ ಅವನ ಕಾಲೆಳೆಯೋದೇ ಆ ಮಾತಲ್ಲಿ. ಅವನು ನಗಲ್ಲ ಕಣೇ, ನಾಚ್ಕೋತಾನೆ, ಪೆದ್ದ!"

ಅವಳು ಎದ್ದು ಕಿಟಕಿಯ ಬಳಿ ಹೋದಳು.

ಅವನು ಬ್ರಷ್ ಹಿಡಿದು ಎದುರಂಗಡಿಯ ಖಾಲಿ ಕಿಟಕಿಯನ್ನೇ ನೋಡುತ್ತಾ ನಿಂತಿದ್ದ.

"ಏನ್ ಮಾಡ್ತಿದೀರಾ?"

ಬೆಚ್ಚಿಬಿದ್ದ. "ವಾ... ವಾರ್ನಿಷ್..."

"ಈ ಕಡೆ ತಿರುಗಿ ಹೇಳಿ."

ತಿರುಗಿದ. ಕಿವಿಯವರೆಗೂ ಕೆಂಪು!

"ನೀವು ಮತ್ತೆ ಆ ಕಿಟಕಿಗೆ ಹೋಗ್ತೀರಂತೆ. ದೂರದಿಂದ ನೋಡೋದು ನಂಗೆ ಅಭ್ಯಾಸ ಇತ್ತು... ಈಗ ಅಷ್ಟು ಸಾಕಾಗಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳು ಪಕ್ಕದ ಕುರ್ಚಿಯನ್ನು ಹಿಡಿದುಕೊಂಡಳು.

"ಅಯ್ಯೋ, ಬೇಡ! ಇವತ್ತು ನಿಜವಾಗ್ಲೂ ಹಚ್ಚಿದೀನಿ!"

ಅಂಗೈ ಅಂಟಿಯೇ ಬಿಟ್ಟಿತು. ಅವನು ಬಟ್ಟೆ ತಂದು, ಅವಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಮೆಲ್ಲಗೆ ಒರೆಸತೊಡಗಿದ. ಕುರ್ಚಿಯ ಮೇಲೆ ಅವಳ ಬೆರಳ ಗುರುತುಗಳು ಹಾಗೇ ಮೂಡಿದ್ದವು.

"ಹಾಳಾಯ್ತಲ್ಲ... ಇದನ್ನ ಇನ್ಯಾರು ತಗೋತಾರೆ?"

"ನಮ್ಮಿಬ್ಬರ ಮನೆಗೇ ಇರ್ಲಿ," ಎಂದುಬಿಟ್ಟ. ಆಮೇಲೆ ಅವನಿಗೇ ಗಾಬರಿ. "ಎದುರಂಗಡಿಯವರಿಗೆ... ಏನ್ ಹೇಳ್ತೀರಾ?"

ಕೈ ಒರೆಸಿ ಆಗಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ.

"ಬರೋಕಾಗಲ್ಲ ಅಂತೀನಿ. ಇಲ್ಲಿ ಇಬ್ಬರೂ ಕೂತು ವಾರ್ನಿಷ್ ಒಣಗಿಸೋದಿದೆ ಅಂತ."