ಪಿನಾಂಗಿನ ಗಂಡ

ನಾಲ್ಕು ವರ್ಷದ ಮೇಲೆ ಕಂಡ ಗಂಡನನ್ನು ಶಿವರತ್ನಮ್ಮ ಮೊದಲು ಬೈದಳು, ಆಮೇಲೆ ಗುರುತಿಸಿದಳು.

ಅದು ೧೯೩೧ನೇ ಇಸವಿ. ಕೊಳ್ಳೇಗಾಲದ ಮನೆಯ ಹಿತ್ತಿಲಲ್ಲಿ ಅವಳು ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ರೇಷ್ಮೆ ಎಳೆ ಎತ್ತುತ್ತಿದ್ದಳು. ಹ್ಯಾಟು ಹಾಕಿದವನೊಬ್ಬ ಬಾಗಿಲಲ್ಲಿ ಬಂದು ನಿಂತ.

“ಗೂಡು ಮಾರಕ್ಕೆ ಬಂದಿದ್ರೆ ಮುಂದಕ್ಕೋಗಿ. ಜಪಾನಿನ ನೂಲು ಬಂದ್ಮೇಲೆ ನಮ್ಮ ನೂಲು ಕೇಳೋರೇ ಇಲ್ಲ. ಎಂಟು ಒಲೆ ಉರೀತಿದ್ದ ಕಡೆ ಈಗ ಎರಡು.”

“ಗೂಡು ಮಾರೋನಲ್ಲ.”

“ಮತ್ತೆ? ಎಂಗಸ್ರು ಕೆಲಸ ಮಾಡೋ ಕಡೆ ಇಂಗೆ ನಿಂತ್ಕಂಡು ನೋಡದಾ?”

ಅವನು ಹ್ಯಾಟು ತೆಗೆದ. ಮೀಸೆ ಬೋಳಿಸಿದ್ದ, ಬಿಸಿಲಿಗೆ ಕಪ್ಪಾಗಿದ್ದ. ಆದರೆ ನಗು ಬಂದಾಗ ಎಡಗೆನ್ನೆಯಲ್ಲಿ ಬೀಳುವ ಆ ಗುಳಿ!

“ಸ್ವಂತ ಎಂಡ್ತಿನ ನೋಡಕ್ಕೂ ಅಪ್ಪಣೆ ಬೇಕಾ?” ಎಂದ ಸದಾಶಿವಪ್ಪ.

ಅವಳ ಕೈಯಲ್ಲಿದ್ದ ಎಳೆ ಪಟಕ್ಕನೆ ಕಡಿಯಿತು.

ಮದುವೆಯಾದ ಹದಿನೆಂಟನೇ ದಿನಕ್ಕೆ ಅವನು ಹಡಗು ಹತ್ತಿದ್ದ. ತಮಿಳು, ಇಂಗ್ಲಿಷು ಎರಡೂ ಬಲ್ಲವನೆಂದು ಸಮುದ್ರದಾಚೆ, ಪಿನಾಂಗ್ ಬಂದರಿನಿಂದ ಒಳಗಿದ್ದ ರಬ್ಬರು ಎಸ್ಟೇಟಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತ್ತು. ಆಮೇಲೆ ಬಂದದ್ದು ಬರೀ ಕಾಗದ, ಅದರ ತುಂಬ ತಾನಿರುವ ಬಂಗಲೆಯ ಮಾತು. ಈಗ ರಜೆಯ ಮೇಲೆ ಬಂದಿದ್ದೇನೆ ಎಂದು ತಾಯಿ ದೊಡ್ಡಬಸಮ್ಮನಿಗೆ ಹೇಳಿದ.

ಊರಿಗೆ ಬಂದವನು ಊರಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ಮರಡಿಗುಡ್ಡ ಹತ್ತುವನು, ಮಧ್ಯಾಹ್ನ ಹನೂರಿನ ಬಸ್ಸು ಹಿಡಿಯುವನು, ಮರುದಿನ ಯಳಂದೂರು. ಉಣ್ಣುತ್ತ ಉಣ್ಣುತ್ತಲೇ ಎದ್ದುಬಿಡುವನು. ಪಡಸಾಲೆಯಲ್ಲಿ ಎದುರಾದರೆ ಅವಳ ನೋಟ ಅವನ ಭುಜದ ಮೇಲೆ ಒಂದು ಗಳಿಗೆ ನಿಂತು, ಸಿಕ್ಕಿಬಿದ್ದು, ನೆಲಕ್ಕಿಳಿಯುತ್ತಿತ್ತು. ಅವನ ನೋಟವೋ, ಅವಳ ಜಡೆಯ ತುದಿಯವರೆಗೆ ಬಂದು ಅಲ್ಲಿಂದ ಯಾವುದೋ ಸಮುದ್ರ ದಾಟಿಬಿಡುತ್ತಿತ್ತು.

ಒಂದು ಸಂಜೆ ಅವಳು ಕೇಳಿಯೇಬಿಟ್ಟಳು. “ಅಲ್ಲಿ ಯಾರಾರ ಅವ್ರಾ?”

“ಅವ್ಳೆ. ಬಲು ಎತ್ತರ. ಎಲ್ಲಿ ಗೀರಿದ್ರೂ ಹಾಲು ಸುರಿಸ್ತಾಳೆ.”

“ಥೂ!”

“ರಬ್ಬರು ಮರ ಕಣೇ.”

ಅವಳು ನಕ್ಕು ಸೆರಗಿನಿಂದ ಹೊಡೆದಳು. ಅವನು ಸೆರಗಿನ ತುದಿ ಹಿಡಿದುಕೊಂಡ. ಮರುಗಳಿಗೆಯೇ, ಏನೋ ನೆನಪಾದವನಂತೆ ಬಿಟ್ಟು ಬೀದಿಗಿಳಿದ.

ಹದಿನೈದು ದಿನಕ್ಕೆ ಪೋಸ್ಟ್‌ಮನ್ ಗೋವಿಂದಯ್ಯ ಪಿನಾಂಗಿನ ಕಾಗದವೊಂದನ್ನು ಕೊಟ್ಟುಹೋದ. ಸದಾಶಿವಪ್ಪ ಅದನ್ನು ಓದಿ, ಜೇಬಿಗಿಟ್ಟು, ಗುಡ್ಡದ ಕಡೆ ನಡೆದ. ಶಿವರತ್ನಮ್ಮ ಒಲೆಗೆ ನೀರು ಹೊಯ್ದು ಅವನ ಹಿಂದೆಯೇ ಹೊರಟಳು.

“ಯಾವತ್ತು ಹಡಗು?” ಏದುಸಿರು ಬಿಡುತ್ತ ಕೇಳಿದಳು.

“ಯಾರೇಳಿದ್ರು ನಿಂಗೆ?”

“ನಿಮ್ಮ ಮೊಕ.”

ಅವನು ಬಂಡೆಯ ಮೇಲೆ ಕುಕ್ಕರಿಸಿದ. “ರಜ ಅಂದದ್ದು ಸುಳ್ಳು ಕಣೇ ರತ್ನ. ಅಮೆರಿಕಾದೋರು ಮೋಟಾರು ಕೊಳ್ಳದ್ನ ಬಿಟ್ರು. ಟೈರಿಗೆ ರಬ್ಬರು ಕೇಳೋರಿಲ್ದೆ ಎಸ್ಟೇಟು ಮುಚ್ಚೋಯ್ತು. ಬಂಗಲೆ ಅಂತ ಬರೀತಿದ್ನಲ್ಲ, ಅದು ದೊರೇದು. ನಂದು ತಗಡಿನ ಕೋಣೆ. ಈಗ ಪಿನಾಂಗಿನ ಅಂಗಡೀಲಿ ಕೆಲಸ ಅದೆ, ಬಾ ಅಂತ ಬರ್ದವ್ರೆ. ಅದೆಷ್ಟು ದಿನ ನಿಲ್ತದೋ! ಅಲ್ಲಿದ್ರೆ ಈ ಊರು ಎಳೀತದೆ, ಇಲ್ಲಿದ್ರೆ ಆ ಊರು. ನಾ ಯಾವ ಊರೋನು ಅನ್ನದೇ ಗೊತ್ತಾಯ್ತಿಲ್ಲ.”

ಅವಳು ಅವನ ಪಕ್ಕದಲ್ಲೇ ಬಂಡೆಯ ಮೇಲೆ ಕೂತಳು.

“ನಾಕು ವರ್ಷ ಆ ಬಂಗಲೆ ಗುಡಿಸ್ದೆ ಕಣ್ರೀ ನಾನು,” ಎಂದಳು. “ದಿನಾ, ಮನಸಲ್ಲೇ. ಯಾವ ಕಿಟಕೀಲಿ ನಿಂತು ನಿಮ್ಮ ದಾರಿ ನೋಡಬೇಕು ಅಂತಾನೂ ಗೊತ್ತುಮಾಡ್ಕಂಡಿದ್ದೆ. ತಗಡಿನ ಕೋಣೆ ಅಂತ ಬರ್ದಿದ್ರೆ ಬೇಗ ಗುಡಿಸಿ ಮುಗಿಸ್ತಿರಲಿಲ್ವಾ?”

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ನಾನೂ ಬತ್ತೀನಿ.”

“ಅಲ್ಲೂ ಕೆಲಸ ಓಯ್ತು ಅಂದ್ರೆ?”

“ಇಬ್ರೂ ವಾಪಸ್ ಬರಾನ. ಒಬ್ಬಳೇ ಕಾಯದು ಮಾತ್ರ ಇನ್ನು ನನ್ನ ಕೈಲಾಗಕಿಲ್ಲ.”

ಅವನು ಅವಳ ಅಂಗೈ ತೆಗೆದುಕೊಂಡ. ಬಿಸಿನೀರಿಗೆ ಬೆಂದು ಸುಕ್ಕಾದ ಬೆರಳುಗಳನ್ನು ಒಂದೊಂದಾಗಿ ಸವರಿದ. “ನಿನ್ನ ಬಿಟ್ಟು ಓಗದು ನಂಗೂ ಆಗಕಿಲ್ಲ ಕಣೇ. ಬಾ ಅನ್ನಕ್ಕೇ ಎದರ್ತಿದ್ದೆ.”

ದೊಡ್ಡಬಸಮ್ಮ ಎರಡು ದಿನ ಸೊಸೆಯೊಡನೆ ಮಾತು ಬಿಟ್ಟರು. ಮೂರನೇ ದಿನ ತಾವೇ ರಾಗಿಹಿಟ್ಟು, ಚಟ್ನಿಪುಡಿ ಗಂಟು ಕಟ್ಟಿ ಅವಳ ಕೈಗಿಟ್ಟರು.

ಸತ್ಯಮಂಗಲದ ಕಡೆಯ ಬಸ್ಸು ಘಾಟಿಯಲ್ಲಿ ಇಳಿಯತೊಡಗಿತು. ಕೆಳಗೆ ಕಂಡ ಬಯಲು ಅವಳು ಹಿಂದೆಂದೂ ನೋಡದ ದೇಶ. ಅವಳು ಕಣ್ಣು ಮುಚ್ಚಿಕೊಂಡಳು.

“ಭಯ ಆಯ್ತದಾ?”

“ಊಂ. ಕೈ ಬಿಡಬ್ಯಾಡಿ.”

ನಾಗಪಟ್ಟಣದ ಹಡಗುಕಟ್ಟೆ ಮುಟ್ಟುವವರೆಗೂ, ಜನ ನೋಡುತ್ತಿದ್ದರೂ, ಅವನು ಬಿಡಲಿಲ್ಲ.